ಕಿರಿ ಅಳಿಯನ ಲಿಂಕುಗಳು

ಖಂಡೆಪ್ಪನ ನೆಮ್ಮದಿ ಕೆಡಿಸಿದ್ದು ಒಂದು ಫೋನು. ಶಹಾಬಜಾರದ ತನ್ನ ಅಂಗಡಿಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಸಾಲಾಗಿ ತೂಗುಹಾಕಿ, ಊದಿನಕಡ್ಡಿ ಹಚ್ಚಿ, ಚಹಾದ ಬಟ್ಟಲನ್ನು ತುಟಿಗೆ ತಂದಿದ್ದ, ಅಷ್ಟರಲ್ಲಿ ಅದು ಬಡಿದುಕೊಂಡಿತು. ಹೈದರಾಬಾದಿನ ಒಂದು ದೊಡ್ಡ ಹಣ್ಣಿನ ಕಂಪನಿಯ ಮ್ಯಾನೇಜರ್. ವರ್ಷವಿಡೀ ಕೆಂಪು ಬಾಳೆ ಕಳಿಸಬಲ್ಲ ಒಬ್ಬ ವ್ಯಾಪಾರಿ ಅವರಿಗೆ ಬೇಕಾಗಿದ್ದ.

"ನಿಮ್ಮ ಹಣ್ಣು ನಾನು ತಿಂದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ" ಎಂದ ಆತ ಹಿಂದಿಯಲ್ಲಿ. "ನಮ್ಮ ಸಾಹೇಬರು ಮುಂದಿನ ತಿಂಗಳು ಗೂಗಲ್ ತೆರೆದು ಕೂತು, ಮೇಲೆ ಯಾರ ಹೆಸರು ಇದೆಯೋ ಅವರಿಗೇ ಆರ್ಡರ್ ಕೊಡುತ್ತಾರೆ. ಈಗ ಅಲ್ಲಿ ಜಗದೇವಪ್ಪ ಅನ್ನುವವರು ಇದ್ದಾರೆ. ನಿಮ್ಮನ್ನು ಹುಡುಕುವಷ್ಟರಲ್ಲಿ ನನಗೆ ಕಣ್ಣು ನೋವು ಬಂತು."

ಬೇರೆ ಯಾರ ಹೆಸರು ಹೇಳಿದ್ದರೂ ಖಂಡೆಪ್ಪ ಚಹಾ ಕುಡಿದು ಮುಗಿಸುತ್ತಿದ್ದ. ಜಗದೇವಪ್ಪ ಅವನ ಷಡ್ಡಕ. ಅಂದರೆ ಹೆಂಡತಿ ನೀಲಗಂಗಮ್ಮನ ಅಕ್ಕನ ಗಂಡ. ಆತನದೂ ಸೂಪರ್ ಮಾರ್ಕೆಟ್‌ನಲ್ಲಿ ಕೆಂಪು ಬಾಳೆಯ ವ್ಯಾಪಾರವೇ. ಕಮಲಾಪುರದ ಮಾವನ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕಾಲಿಟ್ಟರೆ ಬಿಸಿನೀರು ಜಗದೇವಪ್ಪನ ಕಾಲಿಗೆ, ಆರಿದ್ದು ಖಂಡೆಪ್ಪನ ಕಾಲಿಗೆ. ಕೆನೆ ಚಹಾ ಅವನಿಗೆ, ತಳದ ಚಹಾ ಇವನಿಗೆ. ಬೈದವರಿಲ್ಲ, ಕಡೆಗಣಿಸಿದವರಿಲ್ಲ. ಹಿರಿ ಅಳಿಯ ಮೊದಲು, ಕಿರಿ ಅಳಿಯ ಆಮೇಲೆ, ಅಷ್ಟೇ. ಆದರೆ ವರ್ಷಗಟ್ಟಲೆ "ಆಮೇಲೆ" ಆಗಿ ಆಗಿ ಖಂಡೆಪ್ಪನ ಎದೆಯೊಳಗೆ ಎಲ್ಲೋ ಒಂದು ಹರಳು ಕೂತಿತ್ತು.

ಮಾವ ದೇವೀಂದ್ರಪ್ಪನ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ. ಸರದಿಯೊಂದನ್ನು ಬಿಟ್ಟರೆ ಆತ ಸಮತೂಕದ ಮನುಷ್ಯ. ಹಬ್ಬಕ್ಕೆ ಇಬ್ಬರು ಅಳಿಯಂದಿರಿಗೂ ಒಂದೇ ಥಾನಿನ ಬಟ್ಟೆ, ಒಂದೇ ಅಳತೆಯ ಅಂಗಿ. ಜಗದೇವಪ್ಪ ಆರಡಿಯ ಆಳು, ಖಂಡೆಪ್ಪ ಅವನ ಭುಜಕ್ಕೆ ಬರುತ್ತಿದ್ದ. ಹೀಗಾಗಿ ಹಬ್ಬದ ದಿನ ಖಂಡೆಪ್ಪನ ಅಂಗಿ ಮೊಣಕಾಲು ಮುಟ್ಟುತ್ತಿತ್ತು.

"ಗೂಗಲ್‌ಗ ಹಿರೇ ಅಳಿಯ, ಕಿರಿ ಅಳಿಯ ಅಂತ ಏನೂ ಗೊತ್ತಿಲ್ಲ," ಎಂದು ಖಂಡೆಪ್ಪ ಗೊನೆಗಳಿಗೇ ಹೇಳಿದ. "ಅಲ್ಲಿ ನಾ ಮೊದಲ ಆಗ್ತೀನಿ."

ಬುತ್ತಿ ತಂದಿದ್ದ ನೀಲಗಂಗಮ್ಮ ಆ ಮಾತು ಕೇಳಿಸಿಕೊಂಡಳು. "ಏನಾರ ಮಾಡ್ರಿ. ನಮ್ಮ ಅಕ್ಕನ ಗಂಡನ ಜೋಡಿ ಜಗಳ ಆದ್ರ ಮಾತ್ರ ನಾ ನಿಮ್ಮ ಕಡೆ ಇಲ್ಲ, ಅವರ ಕಡೆನೂ ಇಲ್ಲ. ತವರಮನಿಗಿ ಹೋಗ್ತೀನಿ."

"ಜಗಳ ಯಾಕ ಆಗ್ತದ? ನೀ ಇವತ್ತೊಂದು ದಿನ ಅಂಗಡಿ ನೋಡ್ಕೋ" ಎನ್ನುತ್ತಲೇ ಖಂಡೆಪ್ಪ ಸ್ಕೂಟರ್ ಒದ್ದ.

ಮನೆಮನೆಗೆ ಮೊಬೈಲು ಬಂದಿದ್ದರೂ ಇಂಟರ್ನೆಟ್ ಬೇಕೆಂದರೆ ಹೆಚ್ಚಿನವರು ಕೆಫೆಗೇ ಹೋಗಬೇಕಾಗಿದ್ದ ಕಾಲ ಅದು. ಓಣಿಯ ತುದಿಯಲ್ಲಿ ಇನಾಯತ್‌ನ ಕೆಫೆ. ಖಂಡೆಪ್ಪನ ವೆಬ್‌ಸೈಟನ್ನು ಮಾಡಿಕೊಟ್ಟವನೂ ಅವನೇ.

"ಇನಾಯತ್ ಭಾಯ್, ನಾ ಮ್ಯಾಲ ಬರಬೇಕು."

"ಮಾಳಿಗಿ ಮ್ಯಾಲ ಏನದ ಭಾಯ್? ನೀರಿನ ಟಾಕಿ ಅದ."

"ಗೂಗಲ್‌ನ್ಯಾಗ!"

ಇನಾಯತ್ ಕಮಲಾಪುರ, ಕೆಂಪು ಬಾಳೆ ಎಂದು ಒತ್ತಿದ. ಮೊದಲ ಸಾಲಿನಲ್ಲಿ ಜಗದೇವಪ್ಪ, ಮದುವೆಯ ಮಂಟಪದಲ್ಲಿ ಕೂತ ಬೀಗರ ಹಾಗೆ. ಎರಡನೆಯ ಪುಟದ ತುಂಬ ಹಂಪಿಯ ಹತ್ತಿರದ ಇನ್ನೊಂದು ಕಮಲಾಪುರದ ಲಾಡ್ಜುಗಳು. ಮೂರನೆಯ ಪುಟದಲ್ಲೂ ಲಾಡ್ಜುಗಳು. ಅವುಗಳೆಲ್ಲದರ ಕೆಳಗೆ, ಬಸ್ಸಿನ ಕೊನೆಯ ಸೀಟಿನಲ್ಲಿ ಸಿಕ್ಕಿಬಿದ್ದವನಂತೆ ಖಂಡೆಪ್ಪ.

"ಬಾಳಿಹಣ್ಣು ಹುಡುಕಿದ್ರ ಲಾಡ್ಜ್ ಯಾಕ ಬರ್ತಾವ?"

"ಅವಕ್ಕ ಲಿಂಕ್ ಅವ, ನಿಮಗ ಇಲ್ಲ. ನೋಡ್ರಿ ಭಾಯ್, ಇನ್ನೊಬ್ಬರ ಸೈಟ್‌ನ್ಯಾಗ ನಿಮ್ಮ ಹೆಸರು ಇರಬೇಕು. ಅದರ ಮ್ಯಾಲ ಒತ್ತಿದ್ರ ಸೀದಾ ನಿಮ್ಮ ಸೈಟ್ ತೆರೀಬೇಕು. ಅದಕ್ಕ ಲಿಂಕ್ ಅಂತಾರ. ಗೂಗಲ್ ಅದನ್ನ ನೋಡಿ, ಈ ಮನಷ್ಯಾನ ಬಗ್ಗೆ ನಾಕು ಮಂದಿ ಹೇಳಾಕತ್ತಾರ, ಮ್ಯಾಲ ಕೂಡಿಸೋಣು ಅಂತದ."

"ಹಂಗಾದ್ರ ನೀನ ಒಂದಷ್ಟು ಸೈಟ್ ಮಾಡಿ ಹಾಕಿಬಿಡಲ್ಲ."

"ತೋಬಾ ತೋಬಾ! ಖಾಲಿಪೀಲಿ ಲಿಂಕ್ ಹಾಕಿದ್ರ ಗೂಗಲ್ ಗುರುತು ಹಿಡಿತದ, ಇದ್ದ ಜಾಗಾದಿಂದನೂ ತಳ್ತದ. ಕ್ವಾಲಿಟಿ ಬೇಕು ಭಾಯ್, ಕ್ವಾಲಿಟಿ. ವರ ವಿಚಾರ್ಸಾಕ ಹೋದಾಗ ಪಾನ್ ಡಬ್ಬಿ ಮುಂದ ಕುಂತವರ ಮಾತು ಯಾರು ಕೇಳ್ತಾರ? ಅವಗ ಕಲಿಸಿದ ಮಾಸ್ತರ ಒಂದು ಮಾತು ಚಲೋ ಅಂದ್ರ ಸಾಕು. ಹಂಗ, ಮಂದಿ ನಂಬೋ ಸೈಟ್‌ನವರು ನಿಮ್ಮ ಹೆಸರು ಹೇಳಬೇಕು. ಮತ್ತೊಂದು, ಅವರು ಜಗದೇವಪ್ಪನೋರಿಗೂ ಕೊಟ್ಟು ನಿಮಗೂ ಕೊಟ್ರ ಏನೂ ಫಾಯದಾ ಇಲ್ಲ. ನೀವು ಒಂದು ಮೆಟ್ಟಲ ಏರಿದ್ರ ಅವರೂ ಒಂದು ಏರ್ತಾರ."

ಊರಿನಲ್ಲಿ ಅಂಥ ಮರ್ಯಾದೆಯ ಸೈಟುಗಳು ಯಾವುವು ಎಂದು ಇಬ್ಬರೂ ಕೂತು ಯೋಚಿಸಿದರು. ಅಡುಗೆಯ ಬ್ಲಾಗು ಬರೆಯುವ ನಿವೃತ್ತ ಶಿಕ್ಷಕಿ ಸಾವಿತ್ರೀಬಾಯಿ. ಸಕ್ಕರೆ ಕಾಯಿಲೆಯ ಡಾಕ್ಟರ್ ಪ್ರಹ್ಲಾದರಾವ್. ಗಿಡಮರಗಳ ಬಗ್ಗೆ ಸೈಟು ಮಾಡಿದ ಕಾಲೇಜಿನ ಗೋಪಾಲರಾವ್. ಮೂವರೂ ಜೇವರ್ಗಿ ಕಾಲೋನಿಯವರು.

"ಎಲ್ಲಕ್ಕಿಂತ ದೊಡ್ಡದು ಬಿಟ್ರಿ," ಎಂದ ಇನಾಯತ್. "ಕಮಲಾಪುರದ ಬಾಳೆ ಬೆಳೆಗಾರರ ಸಂಘ. ಅದರ ಅಧ್ಯಕ್ಷರು ಯಾರು? ನಿಮ್ಮ ಮಾವಾರು!"

ಖಂಡೆಪ್ಪನ ಮುಖ ಒಲೆಯಿಂದ ಇಳಿಸಿದ ರೊಟ್ಟಿಯಂತೆ ಚಪ್ಪಟೆಯಾಯಿತು. "ಅದನ್ನ ಕಡೀಕ ನೋಡೋಣು" ಎಂದ.

ಸಾವಿತ್ರೀಬಾಯಿ ನೀಲಗಂಗಮ್ಮನಿಗೂ ಅವಳ ಅಕ್ಕನಿಗೂ ಕಲಿಸಿದವರು. ಅವರ ಬ್ಲಾಗಿಗೆ ಸೊಲ್ಲಾಪುರ, ಪುಣೆಯಿಂದಲೂ ಓದುಗರಿದ್ದರು. ಖಂಡೆಪ್ಪ ಒಂದು ಚಿಪ್ಪು ಹಣ್ಣು ಅವರ ಮುಂದಿಟ್ಟು ಕೈಮುಗಿದ.

"ಅಕ್ಕಾವ್ರ, ನಿಮ್ಮ ಬ್ಲಾಗಿನ್ಯಾಗ ನಮ್ಮ ಅಂಗಡಿದು ಒಂದು ಲಿಂಕ್ ಹಾಕ್ರಿ."

"ರುಚಿ ನೋಡದ ನಾ ಒಂದಕ್ಷರ ಬರಿಯೂದಿಲ್ಲಪಾ. ಹೋದ ವರ್ಷ ಒಬ್ಬಾಕಿ ತನ್ನ ಉಪ್ಪಿನಕಾಯಿ ಬಗ್ಗೆ ಬರೀರಿ ಅಂತ ಗಂಟು ಬಿದ್ಲು. ತಿಂದು, ಖರೇ ಬರದೆ. ಈಗ ಎದುರಿಗೆ ಬಂದ್ರ ಮಾರಿ ತಿರುವಿ ಹೋಗ್ತಾಳ. ಕೂಡು, ಶಿಕ್ರಣಿ ಮಾಡ್ತೀನಿ."

ಕೆಂಪು ಸಿಪ್ಪೆ ಸುಲಿದು, ಕೇಸರಿ ಬಣ್ಣದ ತಿರುಳನ್ನು ಬಿಲ್ಲೆ ಬಿಲ್ಲೆ ಹೆಚ್ಚಿ, ಹಾಲು, ಸಕ್ಕರೆ, ಏಲಕ್ಕಿ ಹಾಕಿ ಅವರು ಶಿಕ್ರಣಿ ಮಾಡಿದ್ದು ನೋಡುವ ಹಾಗಿತ್ತು. ಆದರೆ ಮೊದಲ ಬಟ್ಟಲನ್ನು ಖಂಡೆಪ್ಪನ ಕೈಗೇ ಕೊಟ್ಟರು.

"ನೀ ತಿನ್ನು. ಮಾರೋವನ ಮಾರಿ ನೋಡಿದ್ರ ನನಗ ಹಣ್ಣಿನ ಗುಣ ತಿಳೀತದ. ಹಾಂ, ಹಂಗ ಚಮಚಾ ಬಾಯಾಗ ಇಟ್ಕೊಂಡ ಇರು, ಫೋಟೋ ತಗೀತೀನಿ. ಅಯ್ಯ, ಅಲುಗಿತಲ್ಲೋ! ಇನ್ನೊಂದು ವಾಟಗಾ ಹಾಕ್ತೀನಿ, ತಡಿ. ಸಕ್ರಿ ಜರಾ ಕಡಿಮಿ ಆದಂಗದ, ಅಲ್ಲ?"

ಎರಡನೆಯ ಬಟ್ಟಲಿಗೆ ಫೋಟೋ ಸರಿಬಂತು. ಸಾವಿತ್ರೀಬಾಯಿ ಒಂದೇ ಬೆರಳಿನಿಂದ ಅಕ್ಷರ ಅಕ್ಷರವಾಗಿ ಒತ್ತಿ ಬರೆದರು: "ಈ ಹಣ್ಣಿನ ಶಿಕ್ರಣಿ ತಿಂದವರಿಗೆ ತವರು ನೆನಪಾಗುತ್ತದೆ. ಹಣ್ಣು ಬೇಕಾದವರು ಇಲ್ಲಿ ಕೇಳಿರಿ: ಖಂಡೆಪ್ಪ, ಶಹಾಬಜಾರ."

"ಜಗದೇವಪ್ಪಂದೂ ಅಂಗಡಿ ಅದಲ್ಲ? ಅವಂದೂ ಹಾಕ್ಲೇನು?"

"ಬ್ಯಾಡ್ರಿ ಅಕ್ಕಾವ್ರ. ಅವ್ರು ಭಾಳ ಸಂಕೋಚದ ಮನಷ್ಯಾ."

ಬಸ್ ಸ್ಟ್ಯಾಂಡಿನಿಂದ ಸೂಪರ್ ಮಾರ್ಕೆಟ್‌ವರೆಗೆ ಹೋದಲ್ಲೆಲ್ಲ ಫಲಕ ನಿಲ್ಲಿಸಿ ಅದರ ಮೇಲೆ ತನ್ನದೇ ಫೋಟೋ ಹಾಕಿಸಿದ್ದ ಮನುಷ್ಯ ಜಗದೇವಪ್ಪ. ಸಾವಿತ್ರೀಬಾಯಿ ಒಮ್ಮೆ ಕನ್ನಡಕದ ಮೇಲಿಂದ ನೋಡಿದರು.

ಮುಂದಿನ ಓಣಿಯಲ್ಲೇ ಪ್ರಹ್ಲಾದರಾವ್ ಅವರ ದವಾಖಾನೆ. ಸಕ್ಕರೆ ಕಾಯಿಲೆಯವರು ಯಾವ ಹಣ್ಣನ್ನು ಎಷ್ಟು ತಿನ್ನಬಹುದು ಎಂದು ತಮ್ಮ ಸೈಟಿನಲ್ಲಿ ಬರೆದು ಅವರು ಹೆಸರಾಗಿದ್ದರು.

"ಕೆಂಪು ಬಾಳಿ ಹಾಕೂಣಂತ, ಹರಕತ್ತಿಲ್ಲ," ಎಂದರು ಡಾಕ್ಟರು. "ಆದ್ರ ಮಾರೋವ್ರು ದಿನಾ ತಿಂತೀರಲ್ಲ, ನಿಮ್ಮ ಸಕ್ರಿ ಎಷ್ಟದ ನೋಡೂಣು. ಕೈ ಚಾಚ್ರಿ."

ಖಂಡೆಪ್ಪ ಹಿಂದೆಗೆಯುವಷ್ಟರಲ್ಲಿ ಸೂಜಿ ಚುಚ್ಚಿಯಾಗಿತ್ತು. ಯಂತ್ರ ಒಮ್ಮೆ ಕುಂಯ್ ಎಂದು ಇನ್ನೂರು ದಾಟಿ ನಿಂತಿತು. ಡಾಕ್ಟರು ಅದನ್ನು ನೋಡಿದರು, ಖಂಡೆಪ್ಪನನ್ನು ನೋಡಿದರು.

"ಏನು ತಿಂದು ಬಂದೀರಿ?"

"ಶಿಕ್ರಣಿ ರೀ, ಸಾವಿತ್ರೀಬಾಯಿಯವರ ಮನ್ಯಾಗ. ಒಂದು ವಾಟಗಾ."

ಡಾಕ್ಟರು ಕಣ್ಣು ಕೀಳಲಿಲ್ಲ.

"ಎರಡು ರೀ."

"ಎರಡನೇದಕ್ಕ ಸಕ್ರಿ ಮತ್ತ ಹಾಕಿದ್ರೇನು?"

"ಫೋಟೋ ಸಂಬಂಧ ರೀ..."

ಆಮೇಲೆ ಖಂಡೆಪ್ಪ ಕಾಲು ಮಡಿಚಿ ಕೂತು ದೊಡ್ಡದೊಂದು ಉಪದೇಶ ಕೇಳಬೇಕಾಯಿತು. ಹೊರಗೆ ಕಾದಿದ್ದ ಪೇಷಂಟುಗಳು ಬಾಗಿಲ ಸಂದಿಯಿಂದ ಇಣುಕಿ, "ಬಾಳಿಹಣ್ಣಿನ ಖಂಡೆಪ್ಪಗ ಸಕ್ರಿ ಬಂದದಂತ" ಎಂದು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಕಡೆಗೂ ಡಾಕ್ಟರು ಕಂಪ್ಯೂಟರಿನತ್ತ ತಿರುಗಿ, "ಒಂದು ಹೊತ್ತಿಗೆ ಅರ್ಧ ಹಣ್ಣು ಮಾತ್ರ. ಒಳ್ಳೆಯ ಹಣ್ಣು ಸಿಗುವ ಜಾಗ: ಖಂಡೆಪ್ಪ" ಎಂದು ಲಿಂಕು ಹಾಕಿದರು. ಖಂಡೆಪ್ಪ ಏಳುವಾಗ ಅಂಗೈ ಚಾಚಿದರು.

"ಸ್ಕೂಟರ್ ಕೀಲಿ ಇಲ್ಲಿ ಕೊಡ್ರಿ. ಇವತ್ತು ನಡದ ತಿರಗಾಡ್ರಿ, ಸಂಜಿಗೆ ಬಂದು ಒಯ್ರಿ. ಸಿಹಿ ಮುಟ್ಟಿದ್ರ ನೋಡ್ರಿ ಮತ್ತ."

ಕೀಲಿ ಹೋಯಿತು, ಲಿಂಕು ಬಂತು. ಬಿಸಿಲಿನಲ್ಲಿ ನಡೆಯುತ್ತ ಖಂಡೆಪ್ಪ, ವ್ಯಾಪಾರ ನಷ್ಟದ್ದೇನಲ್ಲ ಎಂದುಕೊಂಡ.

ಗೋಪಾಲರಾವ್ ಬಾಗಿಲು ತೆರೆದವರೇ ಖಂಡೆಪ್ಪನನ್ನು ಕಂಡು ಹಿಗ್ಗಿದರು. "ದೇವರು ಕಳಿಸಿದಂಗ ಬಂದ್ರಿ ನೋಡ್ರಿ! ನಾಳೆ ಹುಡುಗೂರಿಗೆ ಪ್ರಾಕ್ಟಿಕಲ್ ಅದ. ಬಾಳಿದು ಖರೇ ಕಾಂಡ ಅಲ್ಲ, ಎಲಿ ಸುತ್ತಿ ಸುತ್ತಿ ಆಗಿದ್ದು ಅಂತ ಎಷ್ಟು ಹೇಳಿದ್ರೂ ನಂಬವಲ್ರು. ಬೇರು ಸಮೇತ ಒಂದು ಕಂದು ಬೇಕು. ಕೆಂಪು ಬಾಳೀದ."

"ತರ್ತೀನ್ರೀ ಸರ್. ಲಿಂಕ್..."

"ಅಯ್ಯ, ಈಗ ಹಾಕ್ತೀನಿ. ನಿಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಅವರು ಅಲ್ಲೇ ಕೂತು ಕೆಂಪು ಬಾಳೆಯ ಪುಟದಲ್ಲಿ ಬರೆದರು: "ಈ ತಳಿಯ ಸಸಿಯನ್ನು ಪ್ರೀತಿಯಿಂದ ಒದಗಿಸಿದವರು: ಖಂಡೆಪ್ಪ." ಆಮೇಲೆ, "ಸಂಜೀ ಒಳಗ ಬರಬೇಕ್ರಿ. ಎದಿ ಮಟ್ಟ ಇರಲಿ" ಎಂದರು.

ಕಂದಿಗಾಗಿ ಕಮಲಾಪುರಕ್ಕೆ ಹೋಗಲೇಬೇಕಾಯಿತು. ಹೇಗೂ ಹೋಗುತ್ತಿದ್ದೇನೆ, ಮಾವನನ್ನೂ ಕೇಳಿಯೇಬಿಡುತ್ತೇನೆ ಎಂದು ಖಂಡೆಪ್ಪ ಬಸ್ಸಿನ ಕಿಟಕಿಯಲ್ಲಿ ಹಲ್ಲು ಕಚ್ಚಿ ಕೂತ. ಇಳಿಯುವತನಕ ಮಾತುಗಳನ್ನು ಮನಸ್ಸಿನಲ್ಲೇ ಉರು ಹೊಡೆದ.

ಮಾವನ ಮನೆಯಲ್ಲಿ ಆ ದಿನ ಹೂರಣದ ಹೋಳಿಗೆ. ಅತ್ತೆ ಜಯದೇವಿ ತಾಟಿಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಹೊಯ್ದು, ಸೆರಗು ಸರಿಪಡಿಸಿಕೊಂಡು ಬಾಗಿಲ ಮರೆಗೆ ನಿಂತಳು. ಖಂಡೆಪ್ಪನಿಗೆ ಡಾಕ್ಟರ ಕಣ್ಣು ಕಂಡಂತಾಯಿತು.

"ಅತ್ತಿ, ಇವತ್ತು ನನಗ ಸಿಹಿ ಬ್ಯಾಡ್ರಿ."

ಬಾಗಿಲ ಮರೆಯಿಂದ ನಿಟ್ಟುಸಿರು ಕೇಳಿಸಿತು. "ಯಾಕೋ ಏನೋ ಯವ್ವಾ. ಹಿರೇ ಅಳಿಯಾರು ಬಂದ್ರ ನಾಕು ತಿಂದು ಇನ್ನೊಂದು ಹಾಕ್ರಿ ಅಂತಾರ. ನನ್ನ ಕೈರುಚಿನ ಕೆಟ್ಟದೇನೋ."

ಖಂಡೆಪ್ಪ ಆರು ತಿಂದ. ಆರನೆಯದು ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಜಯದೇವಿ ಅದನ್ನು ಪ್ರೀತಿ ಎಂದು ತಿಳಿದು ಮತ್ತೊಂದು ಸೌಟು ತುಪ್ಪ ಹಾಕಿದಳು.

ಕೈ ತೊಳೆದು ಪಡಸಾಲೆಗೆ ಬಂದಾಗ ದೇವೀಂದ್ರಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. "ಏನ್ ಅಳಿಯಾರ, ನಡು ವಾರದಾಗ ಬಂದೀರಿ? ಎಲ್ಲಾ ಬರೋಬರಿ ಅದಲ್ಲ?"

ಉರು ಹೊಡೆದದ್ದೆಲ್ಲ ಹೋಳಿಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಖಂಡೆಪ್ಪ ಹೈದರಾಬಾದಿನ ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಲಿಂಕು ಎಂದರೇನು, ಅದು ಯಾಕೆ ಬೇಕು, ಸಂಘದ ಸೈಟಿನಲ್ಲಿ ತನ್ನ ಹೆಸರು ಯಾಕೆ ಬರಬೇಕು ಎಂಬುದನ್ನೂ ಹೇಳಿದ.

"ಅಷ್ಟ ಏನು? ಇಬ್ಬರದೂ ಹಾಕಸ್ತೀನಿ. ಮ್ಯಾಲ ದೊಡ್ಡಳಿಯಾರದು, ಕೆಳಗ ನಿಮ್ಮದು."

"ಇಬ್ಬರದು ಬ್ಯಾಡ್ರಿ ಮಾವಾರ. ನಂದಷ್ಟ ಹಾಕ್ರಿ."

ಅಡಕತ್ತರಿ ನಿಂತಿತು. "ನಾ ಇಬ್ಬರೊಳಗ ಭೇದ ಮಾಡಿದಾಂವ ಅಲ್ಲ, ಖಂಡೆಪ್ಪನೋರ."

"ಗೊತ್ತದ್ರಿ. ಅದಕ್ಕ ಇಷ್ಟು ವರ್ಷ ನಾ ತುಟಿ ಪಿಟಕ್ ಅಂದಿಲ್ಲ." ಖಂಡೆಪ್ಪನ ದನಿ ಅವನಿಗೇ ಗೊತ್ತಿಲ್ಲದೆ ಸಣ್ಣದಾಯಿತು. "ಈ ಮನ್ಯಾಗ ನೀರು ಅವರಿಗೆ ಮೊದಲು, ಚಹಾ ಅವರಿಗೆ ಮೊದಲು. ಇರಲಿ ರೀ, ಹಿರಿಯರು. ಆದ್ರ ವ್ಯಾಪಾರ ನಾ ನನ್ನ ಕೈಯಾರ ಕಟ್ಟೀನಿ. ಅದರಾಗಾದ್ರೂ ಒಮ್ಮೆ ಮೊದಲು ನಿಂದ್ರಬೇಕು ಅಂತ ಆಸೆ. ಒಂದ ಸಲ ರೀ ಮಾವಾರ. ಮಂದಿ ಎಲ್ಲಾ ನಿಮ್ಮ ಮಾತು ನಂಬ್ತಾರ. ನಿಮ್ಮ ಒಂದು ಲಿಂಕ್ ಅಂದ್ರ ಬ್ಯಾರೆಯವರ ನೂರು ಲಿಂಕಿಗೆ ಸಮ!"

ನೂರು ಎಂಬ ಲೆಕ್ಕವನ್ನು ಇನಾಯತ್ 'ಕ್ವಾಲಿಟಿ' ಎಂದದ್ದಕ್ಕೆ ಖಂಡೆಪ್ಪನೇ ಕಟ್ಟಿದ್ದ. ಕೇಳುವುದಕ್ಕೆ ಅದು ಚೆನ್ನಾಗಿತ್ತು.

"ನೂರಕ್ಕ?" ಎಂದ ದೇವೀಂದ್ರಪ್ಪ ಹುಬ್ಬೇರಿಸಿ.

"ಸರಿಯಾಗಿ ನೂರಕ್ಕ ರೀ."

ಬಾಗಿಲ ಮರೆಯಲ್ಲಿ ಬಳೆಗಳು ಸದ್ದು ಮಾಡಿದವು. ಜಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳೆಂದು ಕಾಣುತ್ತದೆ. ದೇವೀಂದ್ರಪ್ಪ ಕತ್ತರಿಸಿದ ಅಡಿಕೆಯ ಮೊದಲ ಹೋಳನ್ನು ಕಿರಿ ಅಳಿಯನ ಕೈಗೆ ಕೊಟ್ಟ.

"ಆತು. ನಿಮ್ಮದಷ್ಟ ಹಾಕಸ್ತೀನಿ. ಈಗಿಂದೀಗ ಇಮಾಮುದ್ದೀನ್‌ಗ ಹೇಳ್ತೀನಿ, ಸಂಘದ ಕಂಪ್ಯೂಟರ್ ಅವನ ಕೈಯಾಗ ಅದ. ಅಂದಂಗ, ಬ್ಯಾರೆ ಯಾರು ಯಾರು ಕೊಟ್ಟಾರ?"

ಖಂಡೆಪ್ಪ ಹಿಗ್ಗಿನಲ್ಲಿ ಮೂವರ ಹೆಸರನ್ನೂ ಹೇಳಿದ. ಅವರು ಬರೆದ ಒಳ್ಳೆಯ ಮಾತುಗಳನ್ನು ಒಂದೂ ಬಿಡದೆ ಬಾಯಿಪಾಠ ಒಪ್ಪಿಸಿದ.

"ಎಲ್ಲಾ ನಮ್ಮವರ," ಎಂದು ದೇವೀಂದ್ರಪ್ಪ ತಲೆಯಾಡಿಸಿದ. "ಸಾವಿತ್ರೀಬಾಯಾರು ನಮ್ಮ ಹುಡಗ್ಯಾರಿಗೆ ಅಕ್ಷರ ಕಲಿಸಿದವರು. ಡಾಕ್ಟರು ನನ್ನ ಸಕ್ರಿ ನೋಡೋವ್ರು. ಗೋಪಾಲರಾಯರು ವರ್ಷಾ ಹುಡುಗೂರನ್ನ ತೋಟಕ್ಕ ಕರ್ಕೊಂಡ ಬರ್ತಾರ. ಬೇಷ್, ಬೇಷ್."

ಮರಳುವ ಬಸ್ಸಿನಲ್ಲಿ ಖಂಡೆಪ್ಪ, ಮಾವನ ತೋಟದಲ್ಲಿ ಅಗೆದು ತೆಗೆದ ಎದೆಮಟ್ಟದ ಬಾಳೆಯ ಕಂದನ್ನು ಮಗುವಿನಂತೆ ತಬ್ಬಿ ನಿಂತಿದ್ದ. ಬೇರಿನ ಮಣ್ಣು ಅವನ ಅಂಗಿಯ ಮೇಲೆ, ಎಲೆ ಮುಂದಿನ ಸೀಟಿನ ಹೆಂಗಸಿನ ತಲೆಯ ಮೇಲೆ.

"ಎಲ್ಲಿ ಲಗ್ನ ರೀ?" ಎಂದಳು ಆಕೆ, ಎಲೆ ಸರಿಸುತ್ತ.

"ಲಗ್ನ ಇಲ್ಲ ರೀ ಅವ್ವಾ, ಪ್ರಾಕ್ಟಿಕಲ್."

"ಏನಾರ ಇರಲಿ, ಇದಕ್ಕೊಂದು ಟಿಕೀಟ್ ತಗೋರಿ," ಎಂದ ಕಂಡಕ್ಟರ್. "ಇಬ್ಬರ ಜಾಗಾ ಹಿಡದದ."

ಖಂಡೆಪ್ಪ ನಗುತ್ತಲೇ ಎರಡು ಟಿಕೀಟು ತೆಗೆಸಿದ. ಹೊಟ್ಟೆಯಲ್ಲಿ ಆರು ಹೋಳಿಗೆ ಕುಸ್ತಿಯಾಡುತ್ತಿದ್ದವು, ಸ್ಕೂಟರಿನ ಕೀಲಿ ಇನ್ನೊಬ್ಬರ ಮೇಜಿನ ಮೇಲಿತ್ತು, ಆದರೂ ಅವನಿಗೆ ಬಸ್ಸೇ ಮೆರವಣಿಗೆಯ ಹಾಗೆ ಕಂಡಿತು. ಮೂರು ಲಿಂಕು ಕೈಯಲ್ಲಿ, ನೂರರ ತೂಕದ್ದು ದಾರಿಯಲ್ಲಿ.

ಗೋಪಾಲರಾಯರ ಮನೆಗೆ ಹೋಗುವ ಮೊದಲು ಒಮ್ಮೆ ಕಣ್ಣಾರೆ ನೋಡದಿದ್ದರೆ ತಡೆಯುವಂತಿರಲಿಲ್ಲ. ಕಂದನ್ನು ಹೊತ್ತುಕೊಂಡೇ ಇನಾಯತ್‌ನ ಕೆಫೆಗೆ ನುಗ್ಗಿದ. ಬಾಗಿಲಲ್ಲಿ ಎಲೆ ಸಿಕ್ಕಿ ಸೀಳಿತು.

"ತೆಗಿ ಭಾಯ್, ಎಲ್ಲಾ ತೆಗಿ! ಮೊದಲು ಅಕ್ಕಾವ್ರದು."

ಬ್ಲಾಗು ತೆರೆಯಿತು. ಬಾಯಲ್ಲಿ ಚಮಚ ಕಚ್ಚಿಕೊಂಡ ಖಂಡೆಪ್ಪನ ಫೋಟೋ ಪರದೆಯ ತುಂಬ ಬಂತು. ಕೆಳಗೆ ತವರು ನೆನಪಾಗುವ ಮಾತೂ ಇತ್ತು. ಅದರ ಕೆಳಗೆ, "ಹಣ್ಣು ಬೇಕಾದವರು ಇಲ್ಲಿ ಕೇಳಿರಿ: ಜಗದೇವಪ್ಪ, ಸೂಪರ್ ಮಾರ್ಕೆಟ್."

ಇನಾಯತ್ ಕಣ್ಣುಜ್ಜಿಕೊಂಡ. "ಫೋಟೋ ನಿಮ್ಮದ ಅದಲ್ಲ ಭಾಯ್?"

"ಡಾಕ್ಟರದು ತೆಗಿ."

"ಒಂದು ಹೊತ್ತಿಗೆ ಅರ್ಧ ಹಣ್ಣು ಮಾತ್ರ. ಒಳ್ಳೆಯ ಹಣ್ಣು ಸಿಗುವ ಜಾಗ: ಜಗದೇವಪ್ಪ" ಎಂದು ಇನಾಯತ್ ಓದಿದ.

ಗೋಪಾಲರಾಯರ ಪುಟ ತೆರೆಯುವಾಗ ಖಂಡೆಪ್ಪನ ಕೈ ಕಂದಿನ ಸುತ್ತ ಬಿಗಿಯಾಯಿತು. "ಈ ತಳಿಯ ಸಸಿಯನ್ನು ಪ್ರೀತಿಯಿಂದ ಒದಗಿಸಿದವರು: ಜಗದೇವಪ್ಪ." ಸಸಿ ಇನ್ನೂ ಖಂಡೆಪ್ಪನ ಹೆಗಲ ಮೇಲೆಯೇ ಒರಗಿತ್ತು.

ಅಕ್ಷರ ಒಂದೂ ಬದಲಾಗಿರಲಿಲ್ಲ. ಹೆಸರು ಮಾತ್ರ, ನಡುರಾತ್ರಿ ತೊಟ್ಟಿಲಲ್ಲಿ ಮಗು ಬದಲಾದ ಹಾಗೆ, ಬದಲಾಗಿತ್ತು.

"ಇರಲಿ," ಎಂದ ಖಂಡೆಪ್ಪ ಬೆವರೊರೆಸಿಕೊಂಡು. "ದೊಡ್ಡದು ನಮ್ಮ ಕಡೆ ಅದ. ಸಂಘದ್ದು ತೆಗಿ."

ಸಂಘದ ಪುಟದಲ್ಲಿ ಮಾವ ಮಾತು ಉಳಿಸಿಕೊಂಡಿದ್ದ. ಹೂಬಳ್ಳಿಯ ಅಂಚಿನ ನಡುವೆ, ದುಂಡು ದುಂಡಾದ ಅಕ್ಷರಗಳಲ್ಲಿ, "ಉತ್ತಮ ಕೆಂಪು ಬಾಳೆಗೆ ಖಂಡೆಪ್ಪನವರನ್ನೇ ಕಾಣಿರಿ" ಎಂದಿತ್ತು. ಕೆಳಗೆ ಅವನ ಸೈಟಿನ ವಿಳಾಸ, ಚುಕ್ಕೆಯೊಂದೂ ತಪ್ಪದೆ. ಜಗದೇವಪ್ಪನ ಹೆಸರು ಎಲ್ಲಿಯೂ ಇರಲಿಲ್ಲ. ಖಂಡೆಪ್ಪನಿಗೆ ಅಳು ಬರುವಂತಾಯಿತು.

ಇನಾಯತ್ ಆ ವಿಳಾಸದ ಮೇಲೆ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಆಮೇಲೆ ಮೌಸಿನಿಂದ ಎಳೆದು ನೋಡಿದ. ಹೂಬಳ್ಳಿ, ಅಕ್ಷರ, ವಿಳಾಸ ಎಲ್ಲ ಒಂದೇ ಹಲಗೆಯಂತೆ ಒಟ್ಟಿಗೆ ಸರಿದವು.

"ಭಾಯ್, ಇದು ಫೋಟೋ," ಎಂದ ಮೆತ್ತಗೆ. "ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರ್‌ನ್ಯಾಗ ಮೂಡಂಗಿಲ್ಲಂತ ಇಮಾಮುದ್ದೀನ್ ಎಲ್ಲಾ ಕಾಗದದ ಮ್ಯಾಲ ಛಾಪಿಸಿ, ಅದರ ಫೋಟೋ ಹಾಕ್ತಾನ. ಕಣ್ಣಿಗೆ ಭಾರಿ ಕಾಣಸ್ತದ. ಆದ್ರ ಗೂಗಲ್‌ಗ ಇದು ಲಿಂಕ್ ಅಲ್ಲ. ಗ್ವಾಡಿಗೆ ಹಚ್ಚಿದ ಕ್ಯಾಲೆಂಡರ್ ಇದ್ದಂಗ."

ಖಂಡೆಪ್ಪ ಅಲ್ಲಿಂದಲೇ ಕಮಲಾಪುರಕ್ಕೆ ಫೋನು ಹಚ್ಚಿದ. ದೇವೀಂದ್ರಪ್ಪ ಮೊದಲ ಗಂಟೆಗೇ ಎತ್ತಿದ.

"ನೋಡಿದ್ರೇನು ಅಳಿಯಾರ? ಹ್ಯಾಂಗದ?"

"ಭಾಳ ಚಂದ ಅದ ರೀ ಮಾವಾರ. ಆದ್ರ ಅಕ್ಕಾವ್ರು, ಡಾಕ್ಟರು, ಗೋಪಾಲರಾಯರು, ಮೂರೂ ಕಡೆ..."

"ಹಾಂ, ಅವರಿಗೆ ನಾನ ಫೋನ್ ಮಾಡಿದೆ!" ಮಾವನ ದನಿಯಲ್ಲಿ ಭಾರವೊಂದನ್ನು ಇಳಿಸಿದ ಸುಖವಿತ್ತು. "ನೀವು ಹೋದ ಮ್ಯಾಲ ನನಗ ಊಟ ಸೇರಲಿಲ್ಲ. ಜೀವನದಾಗ ಮೊದಲನೇ ಸಲ ಒಬ್ಬ ಅಳಿಯಗ ಕೊಟ್ಟು ಇನ್ನೊಬ್ಬಗ ಬಿಟ್ಟಿದ್ದೆ. ಅದಕ್ಕ ಮೂರು ಮಂದಿಗೂ ಹೇಳಿದೆ, ಸಣ್ಣಾವರದು ನಾ ನೋಡ್ಕೊಂಡೀನಿ, ದೊಡ್ಡಾವರದು ನೀವು ನೋಡ್ಕೋರಿ ಅಂತ. ಪಾಪ, ಒಬ್ಬರೂ ಇಲ್ಲ ಅನ್ನಲಿಲ್ಲ. ಕೂತಲ್ಲೇ ಬದಲಾಯಿಸಿಬಿಟ್ರು."

ಖಂಡೆಪ್ಪ ಬಾಯಿ ತೆರೆದ. ಇಮಾಮುದ್ದೀನ್‌ನ ಫೋಟೋದ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಆ ಕಡೆ ಅತ್ತೆ, "ಕಿರೇ ಅಳಿಯಾರಿಗೆ ಖುಷಿ ಆತೇನು ಕೇಳ್ರಿ" ಎನ್ನುತ್ತಿದ್ದುದು ಕೇಳಿಸಿತು. ಬಾಯಿ ಮುಚ್ಚಿಕೊಂಡ.

"ಖುಷಿ ಆತ್ರಿ."

"ನಿಮಗ ಆತು ಖರೆ. ನನಗ ಮಾತ್ರ ಇನ್ನೂ ಒಂದು ಕೊರಿಯಾಕತ್ತದ." ದೇವೀಂದ್ರಪ್ಪ ತುಸು ತಡೆದು ಲೆಕ್ಕ ಹಾಕಿದಂತಿತ್ತು. "ನಂದು ಒಂದು, ಬ್ಯಾರೆಯವರ ನೂರಕ್ಕ ಸಮ ಅಂತ ನೀವ ಅಂದ್ರಿ. ದೊಡ್ಡಳಿಯಾರಿಗೆ ಬಂದದ್ದು ಮೂರ. ಇನ್ನೂ ತೊಂಬತ್ತೇಳು ಬಾಕಿ ಉಳೀತು. ಅವರಿಗರ ಅಂಗಡಿ ಬಿಟ್ಟು ತಿರಗಾಡಾಕ ಪುರಸೊತ್ತಿಲ್ಲ. ನಿಮಗ ಈ ಕೆಲಸ ಚಲೋ ಕೈಹತ್ಯದ, ಒಂದ ದಿನದಾಗ ಮೂರು ತಂದ್ರಿ. ನಾಳಿಂದ ನೀವ ಅಡ್ಡಾಡಿ ಅವರಿಗೂ ಕೊಡಸ್ರಿ. ಹೈದರಾಬಾದ್‌ನವರು ನೋಡೋದ್ರಾಗ ಆಗಬೇಕು ನೋಡ್ರಿ."

ಖಂಡೆಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ಅದರ ಮುಖ ನೋಡಿದ, ಮತ್ತೆ ಕಿವಿಗಿಟ್ಟುಕೊಂಡ.

"ಆತ್ರಿ ಮಾವಾರ," ಎಂದ.